ಮಕ್ಕಳನ್ನು ದಾದಿಯರ ತರಬೇತಿಗೆ ಕಳುಹಿಸುವ ಮುನ್ನ



ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಹೊರಬಿದ್ದ ವಾರವೇ ನಮ್ಮ ಹಳ್ಳಿಗಳಿಗೆ ಬಣ್ಣಬಣ್ಣದ ಕರಪತ್ರಗಳು ಬರತೊಡಗುತ್ತವೆ. "ನರ್ಸಿಂಗ್ ಸೇರಿರಿ, ಕೆಲಸ ಖಂಡಿತ, ಪರದೇಶದಲ್ಲಿ ಲಕ್ಷ ಲಕ್ಷ ಸಂಬಳ" ಎಂದು ಅವುಗಳಲ್ಲಿ ಅಚ್ಚಾಗಿರುತ್ತದೆ. ಕರಪತ್ರ ತಂದವರು ಜಗಲಿಯ ಮೇಲೆ ಕುಳಿತು, ಕಾಫಿ ಕುಡಿದು, "ಇವತ್ತೇ ಮುಂಗಡ ಕೊಟ್ಟರೆ ಸೀಟು ನಿಮ್ಮದು" ಎಂದು ಹೇಳಿ ಹೋಗುತ್ತಾರೆ. ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ರೆಯಿಲ್ಲ. ಇರುವ ಎರಡು ಎಕರೆಯಲ್ಲಿ ಒಂದನ್ನು ಅಡವಿಡುವುದೋ, ತಾಯಿಯ ಬಳೆಗಳನ್ನು ಬ್ಯಾಂಕಿಗೆ ಒಯ್ಯುವುದೋ ಎಂದು ಲೆಕ್ಕಾಚಾರ ನಡೆಯುತ್ತದೆ.

ಆ ಲೆಕ್ಕಾಚಾರಕ್ಕೆ ನೆರವಾಗಲೆಂದು ಈ ಲೇಖನ. ದಾದಿಯ ಕೆಲಸ ಒಳ್ಳೆಯದೆ? ಒಳ್ಳೆಯದೇ ಸರಿ. ಕೆಲಸ ಸಿಗುವುದೆ? ಸರಿಯಾಗಿ ಕಲಿತವರಿಗೆ ಸಿಗುತ್ತದೆ. ಆದರೆ ಎಲ್ಲ ದಾದಿಯರಿಗೂ ಒಂದೇ ಸಂಬಳ ಎಂದು ತಿಳಿದರೆ ಮೋಸಹೋಗುವಿರಿ. ಒಂದೇ ಬಿಳಿ ಉಡುಪು ತೊಟ್ಟು ಒಂದೇ ರೋಗಿಯನ್ನು ನೋಡಿಕೊಳ್ಳುವ ಇಬ್ಬರಲ್ಲಿ ಒಬ್ಬಳ ಸಂಬಳ ಇನ್ನೊಬ್ಬಳದರ ಮೂರರಷ್ಟಿರುವುದುಂಟು. ಈ ಅಂತರ ಹುಟ್ಟುವುದು ಹೆಚ್ಚಾಗಿ ಮೂರು ಸಂಗತಿಗಳಿಂದ: ಯಾವ ಪ್ರಮಾಣಪತ್ರ ಪಡೆದಿದ್ದಾಳೆ, ಎಂತಹ ಶಾಲೆಯಲ್ಲಿ ಕಲಿತಿದ್ದಾಳೆ, ಯಾರ ಬಳಿ ಕೆಲಸಕ್ಕೆ ಸೇರಿದ್ದಾಳೆ. ಮೊದಲ ಎರಡೂ ಮುಂಗಡ ಕೊಡುವ ದಿನವೇ ತೀರ್ಮಾನವಾಗಿಬಿಡುತ್ತವೆ.

ಈ ಕೆಲಸಕ್ಕೆ ಬೇಡಿಕೆ ಏಕೆ?

ಸ್ವಾತಂತ್ರ್ಯ ಬರುವುದಕ್ಕೆ ಮುಂಚೆ, 1946ರಲ್ಲಿ, ದೇಶದ ಆರೋಗ್ಯಸ್ಥಿತಿಯನ್ನು ಪರಿಶೀಲಿಸಿದ ಭೋರ್ ಸಮಿತಿ ವರದಿ ಕೊಟ್ಟಿತು. ಆಗ ಇಡೀ ದೇಶದಲ್ಲಿ ಇದ್ದ ದಾದಿಯರು ಸುಮಾರು 7,000. ಎಂದರೆ 43,000 ಜನಕ್ಕೆ ಒಬ್ಬಳು. ಹಳ್ಳಿಯ ಬಾಣಂತಿಗೆ ಸೂಲಗಿತ್ತಿಯೇ ಗತಿ. ಈಗ ನೋಂದಣಿಯಾದವರ ಸಂಖ್ಯೆ 33 ಲಕ್ಷವನ್ನು ಮೀರಿದೆ. ಹಾಗಿದ್ದರೂ ಸಾವಿರ ಜನಕ್ಕೆ ಸುಮಾರು ಇಬ್ಬರೇ ಆಗುತ್ತಾರೆ. ಅವರಲ್ಲಿಯೂ ಎಷ್ಟೋ ಮಂದಿ ಪರದೇಶಕ್ಕೆ ಹೋಗಿದ್ದಾರೆ, ಎಷ್ಟೋ ಮಂದಿ ಮದುವೆಯಾದ ಮೇಲೆ ಕೆಲಸ ಬಿಟ್ಟಿದ್ದಾರೆ.

ಕೊರತೆ ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2023ರಲ್ಲಿ ಲೋಕದಲ್ಲೆಲ್ಲ ಸೇರಿ 2 ಕೋಟಿ 98 ಲಕ್ಷ ದಾದಿಯರಿದ್ದರು; ಇನ್ನೂ 58 ಲಕ್ಷ ಮಂದಿ ಬೇಕಾಗಿದ್ದರು. ಮುದುಕರ ಸಂಖ್ಯೆ ಏರುತ್ತಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂತ್ರಪಿಂಡದ ರೋಗಗಳು ಹಳ್ಳಿಗೂ ಬಂದಿವೆ. 2020ರ ಕೊರೋನಾ ಕಾಲದಲ್ಲಿ ದಾದಿಯಿಲ್ಲದ ಹಾಸಿಗೆ ಬರಿಯ ಮಂಚ ಎಂಬುದು ಎಲ್ಲರಿಗೂ ತಿಳಿಯಿತು. ಬೇಡಿಕೆ ಇಳಿಯುವ ಲಕ್ಷಣವಿಲ್ಲ.

ಆದರೆ ಒಂದು ಮಾತು. ಬೇಡಿಕೆಯಿದ್ದ ಮಾತ್ರಕ್ಕೆ ಬೆಲೆ ಸಿಗುವುದಿಲ್ಲ. ಇದು ಟೊಮೇಟೊ ಬೆಳೆದವರಿಗೆ ಹೇಳಿಕೊಡಬೇಕಾದ ಪಾಠವಲ್ಲ.

ತರಬೇತಿಯ ಮೂರು ಬಗೆಗಳು

ಮೊದಲನೆಯದು ಎ.ಎನ್.ಎಂ. ಎಂಬ ಸಹಾಯಕ ದಾದಿ ಹಾಗೂ ಸೂಲಗಿತ್ತಿಯ ತರಬೇತಿ. ಇದು 2 ವರ್ಷದ್ದು, ಹೆಣ್ಣುಮಕ್ಕಳಿಗೆ ಮಾತ್ರ. ಉಪಕೇಂದ್ರಕ್ಕೆ ಬಂದು ಗರ್ಭಿಣಿಯರನ್ನು ನೋಡುವ, ಮಕ್ಕಳಿಗೆ ಲಸಿಕೆ ಹಾಕುವ ನಮ್ಮ ಆರೋಗ್ಯ ಕಾರ್ಯಕರ್ತೆ ಕಲಿತಿರುವುದು ಇದನ್ನೇ.

ಎರಡನೆಯದು ಜಿ.ಎನ್.ಎಂ. ಡಿಪ್ಲೊಮಾ. ಇದು 3 ವರ್ಷದ್ದು. ಪಿ.ಯು.ಸಿ.ಯಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಯಾವುದನ್ನು ಓದಿದವರೂ ನಿಗದಿಯಾದ ಅಂಕಗಳಿದ್ದರೆ ಸೇರಬಹುದು. ಇಂಗ್ಲಿಷಿನಲ್ಲಿ ತೇರ್ಗಡೆಯಾಗಿರಬೇಕು.

ಮೂರನೆಯದು ಬಿ.ಎಸ್‌ಸಿ. ನರ್ಸಿಂಗ್ ಪದವಿ. ಇದು 4 ವರ್ಷದ್ದು. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಲೇಬೇಕು. ನಮ್ಮ ರಾಜ್ಯದ ಬಹುಪಾಲು ಪದವಿ ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ಸರ್ಕಾರಿ ಕೋಟಾದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ. ಆದ್ದರಿಂದ ಮಗು ದ್ವಿತೀಯ ಪಿ.ಯು.ಸಿ.ಯಲ್ಲಿರುವಾಗಲೇ ಸಿ.ಇ.ಟಿ. ಅರ್ಜಿ ಹಾಕಿರಬೇಕು. ಫಲಿತಾಂಶ ಬಂದ ಮೇಲೆ ಎಚ್ಚತ್ತುಕೊಂಡರೆ ಕಡಿಮೆ ಶುಲ್ಕದ ಸೀಟು ಕೈತಪ್ಪುತ್ತದೆ. ಉಳಿಯುವುದು ಕರಪತ್ರದವರ ಸೀಟು.

ಈ ಮೂರನ್ನು ಬಿಟ್ಟು "ಆರು ತಿಂಗಳ ನರ್ಸಿಂಗ್", "ಒಂದು ವರ್ಷದ ನರ್ಸಿಂಗ್ ಅಸಿಸ್ಟೆಂಟ್" ಎಂಬ ಫಲಕಗಳನ್ನು ಪೇಟೆಯಲ್ಲಿ ನೋಡಿರುತ್ತೀರಿ. ರೋಗಿಯ ಆರೈಕೆಗೆ ಸಹಾಯಕರು ಬೇಕಾಗುತ್ತಾರೆ, ಆ ಕೆಲಸವೂ ಗೌರವದ್ದೇ. ಆದರೆ ಅದನ್ನು ಕಲಿತವರು ದಾದಿಯಾಗುವುದಿಲ್ಲ. ಅವರ ಹೆಸರು ಪರಿಷತ್ತಿನ ನೋಂದಣಿ ಪುಸ್ತಕಕ್ಕೆ ಏರುವುದಿಲ್ಲ. ಸರ್ಕಾರಿ ದಾದಿಯ ಹುದ್ದೆಗೆ ಅರ್ಜಿ ಹಾಕುವ ಹಕ್ಕೂ ಇರುವುದಿಲ್ಲ. ಇದನ್ನು ಮೊದಲೇ ತಿಳಿದು ಸೇರಿದರೆ ಚಿಂತೆಯಿಲ್ಲ. ತಿಳಿಯದೆ ಸೇರಿದವರ ಕಣ್ಣೀರು ಒರೆಸುವವರಿಲ್ಲ.

ಸಂಬಳದ ನಿಜಾಂಶ

ಸರ್ಕಾರಿ ಖಾಯಂ ಹುದ್ದೆಯ ಸಂಬಳವನ್ನು ಮೊದಲು ನೋಡೋಣ. ದೆಹಲಿಯ ಏಮ್ಸ್ ಮುಂತಾದ ಕೇಂದ್ರ ಸಂಸ್ಥೆಗಳಲ್ಲಿ ಶುಶ್ರೂಷಾಧಿಕಾರಿಯ ಆರಂಭದ ಮೂಲವೇತನವನ್ನು ಏಳನೆಯ ಕೇಂದ್ರ ವೇತನ ಆಯೋಗದಂತೆ 2016ರಿಂದ ತಿಂಗಳಿಗೆ 44,900 ರೂಪಾಯಿ ಎಂದು ಗೊತ್ತುಪಡಿಸಲಾಯಿತು. ಇದಲ್ಲದೆ ತುಟ್ಟಿಭತ್ಯ, ಮನೆಬಾಡಿಗೆ ಭತ್ಯಗಳು ಬೇರೆ. ನಮ್ಮ ರಾಜ್ಯದಲ್ಲಿ 2018ರ ಪರಿಷ್ಕರಣೆಯ ಶ್ರೇಣಿ 33,450 ರೂಪಾಯಿಯಿಂದ ಆರಂಭವಾಗುತ್ತಿತ್ತು. 2024ರ ಆಗಸ್ಟ್ 1ರಿಂದ ಏಳನೆಯ ರಾಜ್ಯ ವೇತನ ಆಯೋಗದ ಶಿಫಾರಸು ಜಾರಿಗೆ ಬಂದಾಗ ಹಳೆಯ ಮೂಲವೇತನಕ್ಕೆ 31 ಭಾಗ ತುಟ್ಟಿಭತ್ಯವನ್ನೂ 27.5 ಭಾಗ ಹೆಚ್ಚಳವನ್ನೂ ಸೇರಿಸಲಾಯಿತು. ಆ ಲೆಕ್ಕದಲ್ಲಿ 33,450 ಎಂಬುದು 53,000ವನ್ನು ದಾಟುತ್ತದೆ.

ಇದು ಚೆನ್ನಾದ ಸಂಬಳ. ಆದರೆ ಈ ಹುದ್ದೆಗಳು ಕೆಲವು, ಅರ್ಜಿದಾರರು ಬಹಳ. ನೇಮಕಾತಿ ವರ್ಷವರ್ಷವೂ ತಪ್ಪದೆ ನಡೆಯುತ್ತದೆಂಬ ಭರವಸೆಯಿಲ್ಲ. ಖಾಯಂ ಹುದ್ದೆಯ ಜಾಗದಲ್ಲಿ ಗುತ್ತಿಗೆಯ ಮೇಲೆ ತೆಗೆದುಕೊಳ್ಳುವುದು ಹೆಚ್ಚಾಗಿದೆ. ಗುತ್ತಿಗೆಯವರಿಗೆ ಅದೇ ರಾತ್ರಿಪಾಳಿ, ಅದೇ ಚುಚ್ಚುಮದ್ದು, ಅದೇ ಹೊಣೆ. ಸಂಬಳ ಮಾತ್ರ ಬಹಳ ಕಡಿಮೆ, ವೇತನಶ್ರೇಣಿಯ ವಾರ್ಷಿಕ ಬಡ್ತಿಯೂ ಇಲ್ಲ.

ಇನ್ನು ಖಾಸಗಿ ಆಸ್ಪತ್ರೆ. ಹೊಸದಾಗಿ ತೇರ್ಗಡೆಯಾದ ಹೆಚ್ಚಿನವರು ಸೇರುವುದು ಇಲ್ಲಿಯೇ. 2016ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಖಾಸಗಿ ದಾದಿಯರ ಸಂಬಳದ ವಿಷಯವನ್ನು ಪರಿಶೀಲಿಸಲು ಒಂದು ಸಮಿತಿಯನ್ನು ನೇಮಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ತಿಳಿಸಿತು. ಆ ಸಮಿತಿಯ ಶಿಫಾರಸುಗಳು ಹೀಗಿವೆ:

200ಕ್ಕೂ ಹೆಚ್ಚು ಹಾಸಿಗೆಯ ಆಸ್ಪತ್ರೆಯಲ್ಲಿ ರಾಜ್ಯ ಸರ್ಕಾರಿ ದಾದಿಗೆ ಸಮನಾದ ಸಂಬಳ ಕೊಡಬೇಕು.
100ಕ್ಕೂ ಹೆಚ್ಚು ಹಾಸಿಗೆಯಿದ್ದರೆ ಅದಕ್ಕಿಂತ ನೂರಕ್ಕೆ 10ಕ್ಕಿಂತ ಹೆಚ್ಚು ಕಡಿಮೆಯಾಗಬಾರದು.
50ರಿಂದ 100 ಹಾಸಿಗೆಯಿದ್ದರೆ ನೂರಕ್ಕೆ 25ಕ್ಕಿಂತ ಹೆಚ್ಚು ಕಡಿಮೆಯಾಗಬಾರದು.
50ಕ್ಕೂ ಕಡಿಮೆ ಹಾಸಿಗೆಯ ಸಣ್ಣ ಆಸ್ಪತ್ರೆಯಾದರೂ ತಿಂಗಳಿಗೆ 20,000 ರೂಪಾಯಿಗೆ ಇಳಿಯಬಾರದು.

ಈ ನಾಲ್ಕು ಸಾಲುಗಳನ್ನು ಮಕ್ಕಳಿಗೆ ಬರೆಯಿಸಿಡಿರಿ. ಕೆಲಸಕ್ಕೆ ಸೇರುವಾಗ ಕೇಳಬೇಕಾದ ಅಳತೆಗೋಲು ಇದು. ಆದರೆ ಶಿಫಾರಸನ್ನು ಜಾರಿಗೆ ತರುವುದು ಆಯಾ ರಾಜ್ಯಗಳ ಕೈಯಲ್ಲಿದೆ. ಕೇರಳದಲ್ಲಿ ದಾದಿಯರು ಸಂಘ ಕಟ್ಟಿ, ಮುಷ್ಕರ ಹೂಡಿ, ಒತ್ತಾಯ ಮಾಡಿದ ಮೇಲೆ 2018ರಲ್ಲಿ ಅಲ್ಲಿನ ಸರ್ಕಾರ 20,000 ರೂಪಾಯಿಯ ಕನಿಷ್ಠ ಮೂಲವೇತನದ ಅಧಿಸೂಚನೆ ಹೊರಡಿಸಿತು. ಕೇಳುವವರು ಒಟ್ಟಾಗದ ಕಡೆ ಶಿಫಾರಸು ಕಾಗದದಲ್ಲಿಯೇ ಉಳಿದಿದೆ. ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಈಗಲೂ 20,000ಕ್ಕೆ ಕಡಿಮೆ ಸಂಬಳದಲ್ಲಿ ದುಡಿಯುವ ನೋಂದಾಯಿತ ದಾದಿಯರಿದ್ದಾರೆ.

ಸಾಲದ ಲೆಕ್ಕ

ಈಗ ಸ್ಲೇಟು ಬಳಪ ಹಿಡಿಯೋಣ. ಒಂದು ಮನೆಯವರು ಮಗಳ ಓದಿಗಾಗಿ 5 ಲಕ್ಷ ರೂಪಾಯಿ ಸಾಲ ಮಾಡಿದರೆನ್ನಿ. ಬಡ್ಡಿ ನೂರಕ್ಕೆ 11, ತೀರಿಸುವ ಅವಧಿ 7 ವರ್ಷ. ತಿಂಗಳ ಕಂತು ಸುಮಾರು 8,560 ರೂಪಾಯಿ ಬರುತ್ತದೆ. ಓದುವ ವರ್ಷಗಳಲ್ಲಿ ಬೆಳೆದ ಬಡ್ಡಿಯನ್ನು ಇದರಲ್ಲಿ ಸೇರಿಸಿಲ್ಲ.

ಮಗಳಿಗೆ ಮೊದಲ ಕೆಲಸದಲ್ಲಿ 18,000 ರೂಪಾಯಿ ಸಂಬಳವೆನ್ನಿ. ಪಟ್ಟಣದಲ್ಲಿ ಹಾಸ್ಟೆಲು, ಊಟ, ಬಸ್ಸು ಎಲ್ಲ ಸೇರಿ 8,000 ಹೋಯಿತು. ಉಳಿದದ್ದು 10,000. ಕಂತು ಕಟ್ಟಿದ ಮೇಲೆ ಕೈಯಲ್ಲಿ ಉಳಿಯುವುದು 1,440 ರೂಪಾಯಿ. ಮನೆಗೆ ಕಳುಹಿಸುವುದಕ್ಕಾಗಲಿ, ಕಾಯಿಲೆ ಬಿದ್ದರೆ ಔಷಧಿಗಾಗಲಿ ಅಷ್ಟೇ. ಕೈಸಾಲದ ಬಡ್ಡಿಯಾದರೆ ಅದೂ ಉಳಿಯದು, ಹೊಲವೇ ಹೋಗುತ್ತದೆ.

ಅದೇ ಹುಡುಗಿ ಸರ್ಕಾರಿ ಸೀಟಿನಲ್ಲಿ ಸೇರಿ, ವಿದ್ಯಾರ್ಥಿವೇತನ ಪಡೆದು, 1 ಲಕ್ಷ ಸಾಲದಲ್ಲಿ ಓದು ಮುಗಿಸಿದಳೆನ್ನಿ. ಕಂತು 1,712 ರೂಪಾಯಿ ಮಾತ್ರ. ಅದೇ 18,000 ಸಂಬಳದಲ್ಲಿ ಅವಳು ನೆಮ್ಮದಿಯಾಗಿರಬಲ್ಲಳು. ಎರಡು ವರ್ಷ ಅನುಭವ ಪಡೆದು ಒಳ್ಳೆಯ ಕಡೆಗೆ ಹೋಗಬಲ್ಲಳು. ಸಾಲ ದೊಡ್ಡದಾದರೆ ಮಾತ್ರ, ಸಿಕ್ಕಿದ ಕೆಲಸವನ್ನು ಸಿಕ್ಕಿದ ಸಂಬಳಕ್ಕೆ ಬಿಡಲಾರದೆ ಹಿಡಿದುಕೊಳ್ಳಬೇಕಾಗುತ್ತದೆ.

ಆದ್ದರಿಂದ ಹೊಲ ಅಡವಿಡುವ ಮುಂಚೆ ಬ್ಯಾಂಕಿಗೆ ಹೋಗಿರಿ. ಬ್ಯಾಂಕುಗಳ ಶಿಕ್ಷಣ ಸಾಲದ ಯೋಜನೆಯಲ್ಲಿ 4 ಲಕ್ಷ ರೂಪಾಯಿಯವರೆಗೆ ಆಸ್ತಿಯ ಅಡಮಾನ ಕೇಳುವುದಿಲ್ಲ. ಸಾಲ ಖಾತರಿ ನಿಧಿಯಡಿ ಬಂದರೆ 7.5 ಲಕ್ಷದವರೆಗೂ ಕೇಳುವುದಿಲ್ಲ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಕಾಲೇಜಿಗೆ ಮಾನ್ಯತೆ ಇಲ್ಲದಿದ್ದರೆ ಸಾಲ, ವಿದ್ಯಾರ್ಥಿವೇತನ ಎರಡಕ್ಕೂ ತೊಡಕು. ಬ್ಯಾಂಕಿನವರು ಹಿಂಜರಿದರೆ ಏಕೆಂದು ಕೇಳಿರಿ. ಕಾರಣ ಆ ಕಾಲೇಜೇ ಆಗಿರಬಹುದು.

ಶಾಲೆಯನ್ನು ಆರಿಸುವ ಬಗೆ

ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೀರಿ, ಸುಳಿ ನೋಡುತ್ತೀರಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೀರಿ. ಮಗಳ ನಾಲ್ಕು ವರ್ಷವನ್ನು ಕೊಡುವ ಕಾಲೇಜನ್ನು ಕರಪತ್ರದಲ್ಲಿ ನೋಡಿದರೆ ಸಾಕೆ? ನೀವೇ ಹೋಗಿ ಈ ಪ್ರಶ್ನೆಗಳನ್ನು ಕೇಳಿರಿ.

1. ಇದರ ಹೆಸರು ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ಪಟ್ಟಿಯಲ್ಲಿದೆಯೆ? ಪದವಿ ಕಾಲೇಜಾದರೆ ಈ ವರ್ಷ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೆ, ಎಷ್ಟು ಸೀಟಿಗೆ ಇದೆ? ಹೊರರಾಜ್ಯಕ್ಕೆ, ಪರದೇಶಕ್ಕೆ ಹೋಗುವ ಯೋಚನೆಯಿದ್ದರೆ ರಾಷ್ಟ್ರಮಟ್ಟದ ಶುಶ್ರೂಷಾ ನಿಯಂತ್ರಣ ಸಂಸ್ಥೆಯ ಪಟ್ಟಿಯನ್ನೂ ನೋಡಬೇಕು. ಹೇಳಿಕೆಯನ್ನು ನಂಬದೆ, ಪಟ್ಟಿಯನ್ನು ನೀವೇ ತೆಗೆಸಿ ನೋಡಿರಿ.

2. ಮಕ್ಕಳು ಕೆಲಸ ಕಲಿಯುವ ಆಸ್ಪತ್ರೆ ಎಲ್ಲಿದೆ? ಸಾಮಾನ್ಯವಾಗಿ ದಾದಿಯರ ಶಾಲೆಗೆ ಕಡೆಯಪಕ್ಷ 100 ಹಾಸಿಗೆಯ ಆಸ್ಪತ್ರೆಯ ಆಧಾರವಿರಬೇಕೆಂಬುದು ನಿಯಮ. ಆ ಆಸ್ಪತ್ರೆಯನ್ನು ಹೊಕ್ಕು ನೋಡಿರಿ. ಹಾಸಿಗೆಗಳ ಮೇಲೆ ರೋಗಿಗಳಿದ್ದಾರೆಯೆ? ರೋಗಿಗಳಿಲ್ಲದ ಆಸ್ಪತ್ರೆಯಲ್ಲಿ ಕಲಿತ ದಾದಿ, ನೀರಿಲ್ಲದ ಕೆರೆಯಲ್ಲಿ ಈಜು ಕಲಿತವನಂತೆ.

3. ಒಟ್ಟು ಖರ್ಚೆಷ್ಟು? ಮೊದಲ ವರ್ಷದ ಶುಲ್ಕ ಮಾತ್ರವಲ್ಲ, ಕೊನೆಯ ವರ್ಷದವರೆಗಿನ ಹಾಸ್ಟೆಲು, ಉಡುಪು, ಪರೀಕ್ಷೆ, ಪುಸ್ತಕ ಎಲ್ಲವನ್ನೂ ಬರೆದುಕೊಡಲು ಕೇಳಿರಿ. ಕೊಟ್ಟ ಪ್ರತಿ ಪೈಸೆಗೂ ರಸೀದಿ ಪಡೆಯಿರಿ.

4. ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುತ್ತಾರೆಯೆ? ಓದು ಮುಗಿದ ಮೇಲೆ ತಮ್ಮಲ್ಲೇ ಕೆಲಸ ಮಾಡಬೇಕೆಂಬ ಷರತ್ತಿಗೆ ಸಹಿ ಹಾಕಿಸುತ್ತಾರೆಯೆ? ಅಂತಹ ಕಾಗದವನ್ನು ಓದದೆ ಸಹಿ ಹಾಕಬೇಡಿರಿ.

"ಕಾಲೇಜಿಗೆ ಬರುವುದೇ ಬೇಡ, ಪರೀಕ್ಷೆಗೆ ಬಂದರೆ ಸಾಕು" ಎನ್ನುವವರು ಸಿಕ್ಕಿದರೆ ಅಲ್ಲಿಂದ ಎದ್ದು ಬನ್ನಿರಿ. ಔಷಧದ ಪ್ರಮಾಣ ಅರಿಯದ ಕೈ ರೋಗಿಯ ಪ್ರಾಣಕ್ಕೂ ಕುತ್ತು, ಆ ಹುಡುಗಿಗೂ ಕುತ್ತು. ನಾಳೆ ಆ ಹಾಸಿಗೆಯ ಮೇಲೆ ನಮ್ಮ ತಾಯಿಯೇ ಮಲಗಿರಬಹುದು.

ಇನ್ನೊಂದು ಸಂಗತಿಯನ್ನು ಮರೆಯಬಾರದು. ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಓದಿದ ಮಕ್ಕಳಿಗೆ ಮೊದಲ ಕೆಲವು ತಿಂಗಳು ಕಗ್ಗಂಟಾಗಿ ತೋರುತ್ತದೆ. ಹೆದರಿ ಮನೆಗೆ ಓಡಿಬಂದರೆ ಕಟ್ಟಿದ ಹಣ ಮುಳುಗುತ್ತದೆ. ಅಂತಹ ಹೊತ್ತಿನಲ್ಲಿ ಧೈರ್ಯ ಹೇಳಿರಿ. ವಾರ್ಡಿನಲ್ಲಿ ರೋಗಿಯ ಹತ್ತಿರ ಮಾತನಾಡಬೇಕಾದುದು ಕನ್ನಡದಲ್ಲಿಯೇ. ಅಲ್ಲಿ ನಮ್ಮ ಹಳ್ಳಿಯ ಮಕ್ಕಳಿಗೇ ಮೇಲುಗೈ.

ಪರದೇಶದ ಕೆಲಸ

ಹೊರದೇಶದಲ್ಲಿ ಹೆಚ್ಚು ಸಂಬಳ ಸಿಗುವುದು ಸುಳ್ಳಲ್ಲ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಹೊಸ ದಾದಿಯ ಆರಂಭದ ಸಂಬಳ 2025-26ನೆಯ ಸಾಲಿನಲ್ಲಿ ವರ್ಷಕ್ಕೆ ಸುಮಾರು 31,000 ಪೌಂಡು. ಆದರೆ ಅದನ್ನು ರೂಪಾಯಿಗೆ ತಿರುಗಿಸಿ ಹಿಗ್ಗಬೇಡಿರಿ. ಬಾಡಿಗೆ, ತೆರಿಗೆ, ಊಟ ಎಲ್ಲವೂ ಪೌಂಡಿನಲ್ಲಿಯೇ ಹೋಗುತ್ತದೆ. ಅಲ್ಲದೆ ಅಲ್ಲಿ ಹೊರದೇಶದ ದಾದಿಯರ ಹೊಸ ಸೇರ್ಪಡೆ 2024-25ರಲ್ಲಿ ಗಣನೀಯವಾಗಿ ತಗ್ಗಿತು. ಹಾಗೆಯೇ ಪ್ರತಿ ದೇಶಕ್ಕೂ ಪರೀಕ್ಷೆಯಿದೆ. ಇಂಗ್ಲೆಂಡಿಗೆ ಇಂಗ್ಲಿಷ್ ಭಾಷಾಪರೀಕ್ಷೆ, ಅಮೆರಿಕಕ್ಕೆ ಎನ್‌ಕ್ಲೆಕ್ಸ್, ಜರ್ಮನಿಗೆ ಜರ್ಮನ್ ಭಾಷೆ. ಇವನ್ನು ಹಣ ಕೊಟ್ಟು ದಾಟಲಾಗದು, ಓದಿಯೇ ದಾಟಬೇಕು.

ಕೊಲ್ಲಿ ದೇಶಗಳ ವಿಷಯದಲ್ಲಿ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. 2015ರಲ್ಲಿ ಕೇರಳದಲ್ಲಿ ಒಂದು ಪ್ರಕರಣ ಹೊರಬಂದಿತು. ಕುವೈತಿನ ಕೆಲಸಕ್ಕೆ 19,500 ರೂಪಾಯಿ ಪಡೆಯಬೇಕಾಗಿದ್ದ ಕಡೆ ಒಬ್ಬೊಬ್ಬ ದಾದಿಯಿಂದ 19 ಲಕ್ಷ 50 ಸಾವಿರ ರೂಪಾಯಿ ವಸೂಲಿ ಮಾಡಿದರೆಂಬುದು ಆಪಾದನೆ, ಸಿ.ಬಿ.ಐ. ಮೊಕದ್ದಮೆ ಹೂಡಿತು. ಅದೇ ವರ್ಷ ಕೇಂದ್ರ ಸರ್ಕಾರವು ಕೊಲ್ಲಿ ರಾಷ್ಟ್ರಗಳೂ ಸೇರಿ 18 ದೇಶಗಳಿಗೆ ಹೋಗುವ ದಾದಿಯರಿಗೆ ವಲಸೆ ಅನುಮತಿಯನ್ನು ಕಡ್ಡಾಯ ಮಾಡಿತು. ಪರವಾನಗಿಯುಳ್ಳ ಏಜೆಂಟು ಕೆಲಸಗಾರನಿಂದ ಪಡೆಯಬಹುದಾದ ಸೇವಾಶುಲ್ಕ 30,000 ರೂಪಾಯಿ, ಅದರ ಮೇಲಿನ ತೆರಿಗೆ ಬೇರೆ, ಇಷ್ಟೇ. ಲಕ್ಷಗಟ್ಟಲೆ ಕೇಳುವವನು ಕಾನೂನನ್ನು ಮುರಿಯುತ್ತಿದ್ದಾನೆ. ಏಜೆಂಟನ ಪರವಾನಗಿ ಸಂಖ್ಯೆಯನ್ನು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ತಾಳೆ ನೋಡಬಹುದು. ಪ್ರವಾಸಿ ವೀಸಾದಲ್ಲಿ ಕಳುಹಿಸಿ "ಅಲ್ಲಿ ಹೋದ ಮೇಲೆ ಬದಲಾಯಿಸುತ್ತೇವೆ" ಎಂದರೆ ಒಪ್ಪಕೂಡದು.

ಮೇಲೇರುವ ದಾರಿ

ಮೊದಲ ಸಂಬಳವೇ ಕೊನೆಯ ಸಂಬಳವಲ್ಲ. ಈ ಕಸುಬಿನಲ್ಲಿ ಕಲಿಕೆಗೆ ಬೆಲೆಯಿದೆ. ಜಿ.ಎನ್.ಎಂ. ಮುಗಿಸಿದವರು ಮತ್ತೆ 2 ವರ್ಷ ಓದಿ ಪದವಿ ಪಡೆಯಬಹುದು. ಪದವಿಯ ಮೇಲೆ 2 ವರ್ಷದ ಎಂ.ಎಸ್‌ಸಿ. ಮಾಡಿದವರು ಕಾಲೇಜಿನಲ್ಲಿ ಕಲಿಸಬಹುದು. ತೀವ್ರ ನಿಗಾ ಘಟಕ, ಶಸ್ತ್ರಚಿಕಿತ್ಸಾ ಕೊಠಡಿ, ಡಯಾಲಿಸಿಸ್, ನವಜಾತ ಶಿಶುಗಳ ವಾರ್ಡು ಇವುಗಳಲ್ಲಿ ಪಳಗಿದ ಕೈಗೆ ಎಲ್ಲ ಕಡೆಯೂ ಹೆಚ್ಚು ಸಂಬಳ. ಮಾನಸಿಕ ರೋಗಿಗಳ ಶುಶ್ರೂಷೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ವಿಶೇಷ ತರಬೇತಿ ಕೊಡುತ್ತದೆ. ಏಮ್ಸ್ ಪರೀಕ್ಷೆಗೆ ಪದವಿಯವರು ನೇರವಾಗಿ ಕೂರಬಹುದು. ಡಿಪ್ಲೊಮಾದವರಿಗೆ 50 ಹಾಸಿಗೆಗೆ ಕಡಿಮೆಯಿಲ್ಲದ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು. ಮೊದಲ ಕೆಲಸ ಹಿಡಿಯುವಾಗ ಇದನ್ನು ನೆನಪಿಡಬೇಕು. ಹತ್ತು ಹಾಸಿಗೆಯ ಕಡೆ ಸಾವಿರ ರೂಪಾಯಿ ಹೆಚ್ಚು ಕೊಟ್ಟರೂ, ಆ ಅನುಭವ ಈ ಲೆಕ್ಕಕ್ಕೆ ಬಾರದು.

ಊರ ಹತ್ತಿರವೇ ಇರಬೇಕೆನ್ನುವವರಿಗೂ ದಾರಿಯಿದೆ. 2018ರಿಂದ ಉಪಕೇಂದ್ರಗಳನ್ನು ಮೇಲ್ದರ್ಜೆಗೆ ಏರಿಸಿ, ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳನ್ನು ನೇಮಿಸುವ ಯೋಜನೆ ಬಂದಿದೆ. ಮೈದಾನ ಪ್ರದೇಶದಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರವೆಂಬುದು ಕ್ರಮ. ನರ್ಸಿಂಗ್ ಪದವೀಧರರಿಗೆ ಇದು ತಕ್ಕ ಹುದ್ದೆ. ಆದರೆ ಇದೂ ಬಹುಮಟ್ಟಿಗೆ ಗುತ್ತಿಗೆಯ ಕೆಲಸವೆಂಬುದನ್ನು ತಿಳಿದಿರಬೇಕು.

ಕೊನೆಯ ಮಾತು

"ಹೆಣ್ಣುಮಗಳು ರಾತ್ರಿಪಾಳಿ ಮಾಡುವುದೆ? ಕಂಡವರ ಗಾಯ ತೊಳೆಯುವುದೆ?" ಎಂದು ಕೆಲವು ಹಿರಿಯರು ಮೂಗುಮುರಿಯುತ್ತಾರೆ. ಅವರೇ ಆಸ್ಪತ್ರೆಯಲ್ಲಿ ಮಲಗಿದಾಗ ನಡುರಾತ್ರಿ "ಸಿಸ್ಟರ್" ಎಂದು ಕೂಗುತ್ತಾರೆ. ಗಂಡುಮಕ್ಕಳೂ ಡಿಪ್ಲೊಮಾ, ಪದವಿಗಳಿಗೆ ಸೇರಬಹುದು. ಇದರಲ್ಲಿ ಸಂಕೋಚವೇನೂ ಬೇಡ. ಆದರೆ ಮಗುವಿಗೆ ಮನಸ್ಸಿಲ್ಲದೆ, ಸಂಬಳದ ಆಸೆಗೆ ಮಾತ್ರ ನೂಕಬೇಡಿರಿ. ದಿನವೆಲ್ಲ ನಿಂತೇ ಇರುವ ಕೆಲಸ, ರಕ್ತ ಹೇಸಿಗೆಗಳನ್ನು ಮುಟ್ಟುವ ಕೆಲಸ, ಬೈದ ರೋಗಿಯನ್ನೂ ನಗುಮುಖದಿಂದ ನೋಡುವ ಕೆಲಸ ಇದು.

ಅದಕ್ಕೆ ಒಂದು ಸುಲಭ ಉಪಾಯವಿದೆ. ಮುಂಗಡ ಕೊಡುವ ಮುಂಚೆ ಮಗಳನ್ನೋ ಮಗನನ್ನೋ ಕರೆದುಕೊಂಡು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಬಿಡುವಾದ ಹೊತ್ತಿನಲ್ಲಿ ಅಲ್ಲಿನ ದಾದಿಯನ್ನು ಮಾತನಾಡಿಸಿರಿ. "ಅಕ್ಕಾ, ನೀವು ಎಲ್ಲಿ ಓದಿದಿರಿ? ಎಷ್ಟು ಖರ್ಚಾಯಿತು? ಮೊದಲ ಸಂಬಳ ಎಷ್ಟಿತ್ತು?" ಎಂದು ಮಗುವೇ ಕೇಳಲಿ. ಆಕೆ ಹೇಳುವ ಮೂರು ಮಾತು ಯಾವ ಕರಪತ್ರದಲ್ಲಿಯೂ ಸಿಗುವುದಿಲ್ಲ. ಕೇಳಿಕೊಂಡು ಮನೆಗೆ ಬಂದು, ದೀಪದ ಮುಂದೆ ಕುಳಿತು, ಸಾಲದ ಲೆಕ್ಕವನ್ನು ಇನ್ನೊಮ್ಮೆ ಹಾಕಿರಿ. ಆಮೇಲೆ ಮುಂಗಡದ ಮಾತು.